ಎರಡು ಮದುವೆ ಮುಗಿಯುವ ತನಕ

ನಾಗೇಶನ ಕಾಲಿಗೆ ಚಕ್ರ ಇದೆ ಅಂತ ಊರಿನವರು ಹೇಳೋದು ಸುಮ್ಮನೆ ಅಲ್ಲ. ಸಿಂಗಟಗೆರೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಆ ಊರಲ್ಲಿ ಬೆಳಗ್ಗೆ ಯಾರೇ ಎದ್ದು ಬಾಗಿಲು ತೆಗೆದರೂ ಮೊದಲು ಕಾಣೋದು ಅವನ ಬೈಕಿನ ಹೊಗೆ. ತೋಟಕ್ಕೆ ಹೋದ ಅಂದುಕೊಂಡರೆ ದೇವನೂರಲ್ಲಿ ಇರ್ತಾನೆ. ದೇವನೂರಿಗೆ ಫೋನ್ ಮಾಡಿದರೆ ‘ಈಗ ತಾನೆ ಕಡೂರಿನ ಕಡೆ ಹೋದ’ ಅಂತಾರೆ. ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿದ ಮನುಷ್ಯ ಅಲ್ಲ. ಅರ್ಧ ಕುಡಿದು, ಲೋಟ ಜಗಲಿ ಮೇಲಿಟ್ಟು, ‘ಬಂದೆ’ ಅಂತ ಎದ್ದುಬಿಡ್ತಾನೆ. ಅವನವ್ವ ಕರಿಯಮ್ಮ ಆ ಲೋಟಗಳನ್ನು ಎತ್ತಿ ಎತ್ತಿ ಸಾಕಾಗಿ, “ಅಂಡು ಸುಟ್ಟ ಬೆಕ್ಕಿನಂಗೆ ಆಡ್ತೀಯಲ್ಲೋ, ಒಂದು ಗಳಿಗೆ ಕೂತ್ಕೊಂಡ್ರೆ ನಿಂಗೇನು ಮುಳ್ಳು ಚುಚ್ಚುತ್ತಾ?” ಅಂತ ದಿನಾ ಬೈಯೋಳು.

ಮುಳ್ಳು ಚುಚ್ಚದೆ ಏನು? ನಲವತ್ತು ದಾಟಿದ ಗಂಡಸು, ಮದುವೆ ಇಲ್ಲ. ತೆಂಗಿನ ತೋಟ ಇತ್ತು, ಹೊಲ ಇತ್ತು, ಬೋರಲ್ಲಿ ನೀರಿತ್ತು, ಬಾಯಲ್ಲಿ ಹಲ್ಲೂ ಪೂರ್ತಿ ಇದ್ದವು. ಹೆಣ್ಣು ಮಾತ್ರ ಸಿಗಲಿಲ್ಲ. ತೋಟ ಇದೆ ಅಂದರೆ ‘ಸರಿ, ಹುಡುಗ ಏನು ಮಾಡ್ತಾನೆ?’ ಅಂತ ಕೇಳೋ ಕಾಲ ಇದು. ಏನು ಮಾಡ್ತಾನೆ! ಅಪ್ಪ ಚನ್ನಬಸಪ್ಪ ಬೇಗ ಕಣ್ಣು ಮುಚ್ಚಿದ ಮೇಲೆ ಇಡೀ ಮನೆ ಹೆಗಲ ಮೇಲೆ ಹೊತ್ತುಕೊಂಡ, ಅಕ್ಕನ್ನ ಧಾರೆ ಎರೆದು ಕೊಟ್ಟ, ತಮ್ಮ ಹೇಮಂತನ್ನ ಓದಿಸಿದ. ಅದನ್ನೆಲ್ಲ ಕೆಲಸ ಅಂತ ಯಾರು ಲೆಕ್ಕಕ್ಕೆ ಹಿಡೀತಾರೆ? ಹೆಣ್ಣು ನೋಡಲು ಹೋಗಿ ಹೋಗಿ ಕೊನೆಗೆ ಅವನಿಗೇ ಬೇಸರ ಬಂದು, “ಇನ್ನು ನನ್ನ ಸುದ್ದಿ ಬಿಟ್ಟುಬಿಡಿ” ಅಂತ ಹೇಳಿಬಿಟ್ಟಿದ್ದ. ಯಾರೂ ಒತ್ತಾಯ ಮಾಡಲೂ ಇಲ್ಲ.

ತೊಂದರೆ ಶುರುವಾಗಿದ್ದು ಹೇಮಂತನಿಂದ. ಅವನಿಗೆ ಲಕ್ಕವಳ್ಳಿ ಡ್ಯಾಮಿನ ಕಚೇರಿಯಲ್ಲಿ ಕೆಲಸ. ತರೀಕೆರೆಯ ಸ್ಫೂರ್ತಿ ಅನ್ನೋ ಹುಡುಗಿ, ಅವನು, ಇಬ್ಬರೂ ಒಪ್ಪಿಕೊಂಡಿದ್ದರು. ಹುಡುಗಿಯ ಅಪ್ಪ ಕಾಂತರಾಜ್ ಕೂಡ ಬೇಡ ಅನ್ನಲಿಲ್ಲ. ಆದರೆ ಒಂದು ಮಾತು ಹಾಕಿದ. “ಮನೇಲಿ ದೊಡ್ಡ ಮಗ ಹಂಗೇ ಕೂತಿರುವಾಗ ಚಿಕ್ಕವನಿಗೆ ಹೆಣ್ಣು ಕೊಟ್ಟರೆ ನಾಲ್ಕು ಜನ ಏನಂತಾರೆ? ಮೊದಲು ದೊಡ್ಡವನದ್ದು ಆಗಲಿ. ಆಮೇಲೆ ನಮ್ಮದು” ಅಂದ. ಹೇಮಂತ ಅಣ್ಣನ ಮುಖ ನೋಡಿ ತಲೆ ತಗ್ಗಿಸಿದ, ಅಷ್ಟೆ. ಆ ತಲೆ ತಗ್ಗಿಸಿದ್ದು ನಾಗೇಶನ ಎದೆಗೆ ನಾಟಿಬಿಟ್ಟಿತು.

ಹಂಗಾಗಿ ಅಜ್ಜಂಪುರದ ಕಡೆಯ ಮದುವೆ ದಲ್ಲಾಳಿ ಒಬ್ಬ ಶಿವನಿಯಲ್ಲಿ ಒಂದು ಸಂಬಂಧ ಇದೆ ಅಂದಾಗ ನಾಗೇಶ ಹಿಂದೆ ಮುಂದೆ ನೋಡದೆ ಹೊರಟ. ಹೆಣ್ಣಿನ ಹೆಸರು ಹೇಮಾವತಿ. ಮೂವತ್ತೇಳೋ ಎಂಟೋ ವಯಸ್ಸು. ಮೊದಲ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿ, ಕೋರ್ಟಿನಲ್ಲಿ ಬಿಡುಗಡೆ ಆಗಿ, ಅಣ್ಣ ದೇವೀರಪ್ಪನ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಇದ್ದಳು. ‘ಇಬ್ಬರೂ ಮಾತಾಡಿಕೊಳ್ಳಲಿ’ ಅಂತ ಹಿರಿಯರು ಅವರನ್ನು ಹಿತ್ತಲಿಗೆ ಕಳಿಸಿದರು. ನಾಗೇಶ ನುಗ್ಗೆಮರದ ಕೆಳಗೆ ನಿಂತು ಬೈಕಿನ ಕೀಲಿ ತಿರುಗಿಸ್ತಾ ಇದ್ದ. ಮಾತು ಎತ್ತಿದ್ದು ಅವಳೇ.

“ನೋಡ್ರಿ, ನಂಗೆ ಒಂದು ಸಲ ಮದುವೆ ಆಗಿ ಸಾಕಾಗಿದೆ. ಸುಳ್ಳು ಹೇಳಲ್ಲ. ಆದ್ರೆ ನಮ್ಮಣ್ಣನ ಮಗಳು ನಯನಂಗೆ ಬಂದ ಸಂಬಂಧದವರೆಲ್ಲ ‘ಮನೇಲಿ ಗಂಡ ಬಿಟ್ಟ ಹೆಣ್ಣಿದೆಯಂತೆ’ ಅಂತ ಬಾಗಿಲಿಂದಲೇ ತಿರುಗ್ತಾರೆ. ಅತ್ತಿಗೆ ಬಾಯಿ ಬಿಟ್ಟು ಹೇಳಲ್ಲ. ಆದ್ರೆ ನಾನು ಊಟಕ್ಕೆ ಕೂತ್ರೆ ಅವಳ ಮುಖ ನೋಡೋಕಾಗಲ್ಲ.”

“ನಮ್ಮನೇಲೂ ಅದೇ ಕಣ್ರೀ,” ಅಂದ ನಾಗೇಶ. “ನನ್ನಿಂದ ತಮ್ಮಂದು ನಿಂತಿದೆ.”

ಹೇಮಾವತಿ ಅವನನ್ನ ಮೊದಲ ಸಲ ಸರಿಯಾಗಿ ನೋಡಿದಳು. ನೋಡಿ ನಕ್ಕಳು. “ಹಂಗಾದ್ರೆ ಇಬ್ಬರೂ ದಾರಿಗೆ ಅಡ್ಡ ಬಿದ್ದಿರೋ ಕಲ್ಲುಗಳೇ.”

ನಕ್ಕಿದ್ದು ಅಷ್ಟಕ್ಕೇ ನಿಂತಿತು. ಆಮೇಲೆ ವ್ಯಾಪಾರದ ದನಿಯಲ್ಲಿ ಹೇಳಿದಳು: ನಯನಳ ಮದುವೆ, ಹೇಮಂತನ ಮದುವೆ, ಈ ಎರಡೂ ಮುಗಿಯುವ ತನಕ ನಾಗೇಶನ ಮನೆಯಲ್ಲಿ ಇರ್ತಾಳೆ. ಸೊಸೆ ಮಾಡೋ ಕೆಲಸ ಎಲ್ಲ ಮಾಡ್ತಾಳೆ, ಮನೆತನದ ಹೆಸರಿಗೆ ಮಸಿ ಬಳಿಯಲ್ಲ. ಎರಡು ಮದುವೆ ಮುಗಿದ ಮೇಲೆ ತರೀಕೆರೆಯಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ತಾನು. ಅವನು ತಡೀಬಾರದು. ಅಲ್ಲಿಯ ತನಕ ಮುಟ್ಟಲೂಬಾರದು. ಈ ಮಾತು ಇಬ್ಬರ ನಡುವೆಯೇ ಇರಬೇಕು.

“ಆಯ್ತು,” ಅಂದ ನಾಗೇಶ. ತೆಂಗಿನಕಾಯಿ ರೇಟು ಒಪ್ಪಿಕೊಂಡಷ್ಟು ಬೇಗ ಒಪ್ಪಿಕೊಂಡುಬಿಟ್ಟ. ಅವನಿಗೆ ಆಗ ಬೇಕಾಗಿದ್ದು ಹೇಮಂತನ ತಲೆ ಮೇಲೇಳೋದು. ಮಿಕ್ಕಿದ್ದನ್ನ ಯೋಚನೆ ಮಾಡೋಕೆ ಅವನು ಎಲ್ಲಿ ನಿಂತಿದ್ದ?

ಯುಗಾದಿ ಕಳೆದ ಮೇಲೆ ಕೂಡಿಕೆ ಆಯಿತು. ಹೆಣ್ಣಿಗೆ ಎರಡನೇ ಮದುವೆ ಅಂದರೆ ಈ ಕಡೆ ವಾಲಗ, ಚಪ್ಪರ ಏನೂ ಇಲ್ಲ. ಊರ ಗುಡಿಯಲ್ಲಿ ನಾಲ್ಕು ಜನ ಹಿರಿಯರ ಎದುರು ಸೀರೆ ಕೊಟ್ಟು, ತಾಳಿ ಕಟ್ಟಿ, ಹಾರ ಹಾಕಿದರೆ ಮುಗೀತು. ಕರಿಯಮ್ಮ ಸೊಸೆಯ ಗಲ್ಲ ಹಿಡಿದು ಕಣ್ಣಲ್ಲಿ ನೀರು ಹಾಕಿಕೊಂಡಳು. ಅಂದು ರಾತ್ರಿಯೇ ನಾಗೇಶ ‘ಸೆಕೆ’ ಅಂತ ಚಾಪೆ ಎತ್ತಿಕೊಂಡು ಜಗಲಿಗೆ ಬಂದ. ಮಳೆಗಾಲ ಬಂತು, ಅವನಿಗೆ ಸೆಕೆ. ಮಾಗಿ ಚಳಿ ಬಂತು, ಆಗಲೂ ಸೆಕೆ. ಕರಿಯಮ್ಮ ಒಂದು ದಿನ ಸೊಸೆಯನ್ನೂ ನೋಡಿದಳು, ಜಗಲಿಯನ್ನೂ ನೋಡಿದಳು, ಮೂಗಿನಲ್ಲೇ ‘ಹೂಂ’ ಅಂದು ಒಳಗೆ ಹೋದಳು.

ಮೊದಮೊದಲು ಅವರಿಬ್ಬರ ನಡುವೆ ಮಾತು ಅಂದರೆ ಉಪ್ಪು, ಸಾರು, ಕರೆಂಟು. ಹೇಮಾವತಿ ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಳು. ಒಂದು ದಿನ ಸಿಂಗಟಗೆರೆಯಲ್ಲಿ ಯಾರೋ ‘ನಮ್ಮ ಟೈಲರ್ ಬ್ಲೌಸ್ ಕೆಡಿಸಿಬಿಟ್ಟ’ ಅಂತ ಗೊಣಗ್ತಾ ಇದ್ದದ್ದು ನಾಗೇಶನ ಕಿವಿಗೆ ಬಿತ್ತು. “ನಮ್ಮನೇಲಿ ಹೊಲೀತಾರೆ, ಕೊಡಿ” ಅಂದುಬಿಟ್ಟ. ಅಷ್ಟೇ ನೋಡಿ. ಅಂದಿನಿಂದ ಅವನ ಬೈಕಿನ ಚೀಲದಲ್ಲಿ ಗೊಬ್ಬರದ ಚೀಟಿಗಳ ಜೊತೆ ಹೆಂಗಸರ ಅಳತೆ ಬ್ಲೌಸುಗಳು ಸೇರಿಕೊಂಡವು. ದೇವನೂರಿನ ಟೀಚರಮ್ಮನದು, ಸಿಂಗಟಗೆರೆಯ ನರ್ಸಮ್ಮನದು, ಕಡೂರಿನ ಬ್ಯಾಂಕ್ ಮೇಡಮ್ಮಿನದು. ಸುಮ್ಮನೆ ಸುತ್ತೋ ಮನುಷ್ಯನಿಗೆ ಸುತ್ತೋಕೆ ಒಂದು ನೆಪ ಸಿಕ್ಕಿತು. ಒಂದು ಸಲ ಟೀಚರಮ್ಮನ ಬ್ಲೌಸನ್ನು ನರ್ಸಮ್ಮನಿಗೆ ಕೊಟ್ಟು ಬಂದ. ಆ ದಪ್ಪ ನರ್ಸಮ್ಮ ಫೋನಿನಲ್ಲೇ ಅವನ ಜನ್ಮ ಜಾಲಾಡಿಬಿಟ್ಟಳು. ಹೇಮಾವತಿ ನಕ್ಕೂ ನಕ್ಕೂ ಕತ್ತರಿ ಕೆಳಗೆ ಹಾಕಿದಳು. ಕಣ್ಣೊರೆಸಿಕೊಂಡು, “ನಿಮ್ಮನ್ನ ಕಟ್ಕೊಂಡು ನನ್ನ ಅಂಗಡಿ ಮುಳುಗಿತು” ಅಂದಳು.

ಊರಿನ ಹುಡುಗರು ‘ಬ್ಲೌಸ್ ನಾಗಣ್ಣ’ ಅಂತ ಹೆಸರಿಟ್ಟರು. ಅವನಿಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ! ದಾರಿಯುದ್ದಕ್ಕೂ ಆ ನಗು ಕಿವಿಯಲ್ಲಿ ಇಟ್ಟುಕೊಂಡು ಓಡಾಡಿದ.

ಮರುವರ್ಷ ನಯನಳ ಸಂಬಂಧ ಕುದುರಿತು. ವೈಶಾಖದಲ್ಲಿ ಶಿವನಿಯಲ್ಲಿ ಮದುವೆ. ನಾಗೇಶ ಮನೆ ಅಳಿಯನಂತೆ ಸಾಂಬಾರಿನ ಬಕೆಟ್ ಹಿಡಿದು ಬಡಿಸ್ತಾ ಇದ್ದ. ಅಷ್ಟರಲ್ಲಿ ಧಾರೆ ಮುಗಿದು, ಹೇಮಾವತಿ ನಯನಳನ್ನು ತಬ್ಬಿಕೊಂಡು ಅತ್ತು, ಕಣ್ಣೊರೆಸಿ, ಅವನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದಳು. ಒಂದು ಮುಗೀತು ಅಂತ. ಮುಖದ ತುಂಬ ನಗು. ನಾಗೇಶನ ಎದೆ ಧಸಕ್ ಅಂದಿತು. ಒಂದು ಮುಗೀತು ಅಂದರೆ ಇನ್ನು ಒಂದೇ ಬಾಕಿ. ಕೈಯಲ್ಲಿದ್ದ ಸೌಟು ತಪ್ಪಿ ಯಾರದೋ ಪಾಯಸಕ್ಕೆ ಸಾಂಬಾರು ಬಿತ್ತು. ಆ ಮುದುಕ ಬೈದದ್ದು ಅವನಿಗೆ ಕೇಳಿಸಲೂ ಇಲ್ಲ.

ಅವತ್ತಿನಿಂದ ಅವನ ಸಂಕಟ ಶುರು. ತಮ್ಮನ ಮದುವೆಗೆ ಅಂತ ಮದುವೆ ಆದವನು ಈಗ ತಮ್ಮನ ಮದುವೆ ಆಗದಿದ್ದರೆ ಸಾಕಪ್ಪಾ ಅನ್ನೋ ಸ್ಥಿತಿಗೆ ಬಂದ. ಇದಕ್ಕೆ ಏನು ಹೇಳೋದು ಹೇಳಿ! ಕಾಂತರಾಜ್ ಜ್ಯೇಷ್ಠದಲ್ಲಿ ಒಂದು ಮುಹೂರ್ತ ಇದೆ ಅಂತ ಫೋನ್ ಮಾಡಿದ. ನಾಗೇಶ, “ಜ್ಯೇಷ್ಠ ಮಾಸದಲ್ಲಿ ಜ್ಯೇಷ್ಠ ಮಗನ ಮದುವೆ ಮಾಡಬಾರದು” ಅಂದ.

“ಲೋ, ಜ್ಯೇಷ್ಠ ಮಗ ನೀನು ಕಣೋ! ಅವನು ಕೊನೇವನು!” ಅಂತ ಕರಿಯಮ್ಮ ಒಳಗಿಂದ ಕೂಗಿದಳು.

“ಅವರ ಕಡೆ ಹುಡುಗಿ ಮೊದಲನೇದಲ್ವಾ, ಅದಕ್ಕೇ” ಅಂತ ಬೈಕ್ ಹತ್ತಿ ಹೋಗಿಬಿಟ್ಟ. ಆಷಾಢ ಹೇಗೂ ಆಷಾಢ. ಶ್ರಾವಣದಲ್ಲಿ ಮುದ್ದಪ್ಪ ಅಂತ ಒಬ್ಬ ದೂರದ ದಾಯಾದಿ ತೀರಿಕೊಂಡ. ನಾಗೇಶ ಅಂದು ಅತ್ತೇಬಿಟ್ಟ, ವರ್ಷ ಶುಭಕಾರ್ಯ ಬೇಡ ಅಂದ. “ಆ ಮುದ್ದಪ್ಪ ಬದುಕಿದ್ದಾಗ ನೀನು ಅವನಿಗೆ ಒಂದು ಲೋಟ ನೀರು ಕೊಟ್ಟವನಲ್ಲ, ಈಗ ಅಳ್ತೀಯಾ?” ಅಂತ ಕರಿಯಮ್ಮ ದಂಗಾದಳು. ಹಿರಿಯರು ಬಂದು ‘ಅಷ್ಟು ದೂರದವರಿಗೆ ಏನೂ ಇಲ್ಲಪ್ಪ’ ಅಂತ ತೀರ್ಮಾನ ಮಾಡಿದರು. ಕಾರ್ತಿಕ ಬರುವಷ್ಟರಲ್ಲಿ ನಾಗೇಶ, ಹೊಸ ಸೊಸೆ ಬರುವ ಮನೆಗೆ ಇಂಥ ಬಚ್ಚಲು ಇರಬಾರದು ಅಂತ ಹಳೇ ಬಚ್ಚಲು ಒಡೆಸಿಬಿಟ್ಟ. ಒಡೆಸಿದ ಮೇಲೆ ಗಾರೆಯವನನ್ನು ಕರೆಯೋದು ಮರೆತ. ಮನೆಯವರೆಲ್ಲ ತೆಂಗಿನ ಗರಿ ಮರೆ ಕಟ್ಟಿಕೊಂಡು ಸ್ನಾನ ಮಾಡೋ ಹಂಗಾಯಿತು.

ಹೇಮಾವತಿ ಈ ಎಲ್ಲದರ ನಡುವೆ ಏನೂ ಕೇಳಲಿಲ್ಲ. ಅದೇ ಅವನಿಗೆ ಉರಿ. ಏನಾದರೂ ಕೇಳಬಾರದಾ? ಬದಲಿಗೆ ಅವಳು ಎಲ್ಲದಕ್ಕೂ ಅವಸರ ಮಾಡೋಳು. ಗಾರೆಯವನನ್ನು ತಾನೇ ಕರೆಸಿದಳು. ಸೀರೆಗಳ ಪಟ್ಟಿ ತಾನೇ ಹೇಳಿದಳು. ಒಂದು ದಿನ, “ತರೀಕೆರೆ ಬಸ್ ಸ್ಟ್ಯಾಂಡ್ ಹತ್ರ ಒಂದು ಮಳಿಗೆ ಖಾಲಿ ಇದೆಯಂತೆ, ನೋಡಿಕೊಂಡು ಬರೋಣ” ಅಂದಳು. ಬೈಕಿನಲ್ಲಿ ಕೂರಿಸಿಕೊಂಡು ಹೋದ. ಬೀರೂರು ದಾಟಿದರು. ತಾನೇ ಊರೂರು ಸುತ್ತಿ ಬ್ಲೌಸ್ ತಂದು ಕೊಟ್ಟು, ತಾನೇ ಇವಳಿಗೆ ಹೊರಟುಹೋಗುವಷ್ಟು ಕೈ ಬಲ ಮಾಡಿಕೊಟ್ಟೆನಲ್ಲ ಅನ್ನೋದು ಆಗ ಹೊಳೀತು ಆ ದಡ್ಡನಿಗೆ.

ಮಳಿಗೆ ಚೆನ್ನಾಗಿಯೇ ಇತ್ತು. ಹೇಮಾವತಿ ಬಾಗಿಲಲ್ಲಿ ನಿಂತು, “ಬೆಳಕು ಚೆನ್ನಾಗಿದೆ ಅಲ್ವಾ?” ಅಂದಳು.

“ಮಳೆ ಬಂದ್ರೆ ನೀರು ಒಳಗೇ ಬರುತ್ತೆ.”

“ಮೂರು ಮೆಟ್ಲು ಹತ್ತಿ ಬಂದ್ವಲ್ಲ, ಎಲ್ಲಿಂದ ಬರುತ್ತೆ?”

“ಪಕ್ಕದಲ್ಲಿ ಬಾರ್ ಇದೆ. ಕುಡುಕರ ಕಾಟ.”

“ಅದು ಔಷಧಿ ಅಂಗಡಿ ಕಣ್ರೀ,” ಅಂದು ಅವಳು ಅವನ ಮುಖವನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು. ನಾಗೇಶ ಬೈಕಿನ ಕೀಲಿ ತೆಗೆದು, “ಬಿಸಿಲಾಯ್ತು, ಹೋಗಣ” ಅಂದ. ಅವಳು ತುಟಿ ಬಿಗಿದುಕೊಂಡು ಹಿಂದೆ ಕೂತಳು. ದಾರಿಯಲ್ಲಿ ಅವನು ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಆಗ್ತಿತ್ತು. ಆದರೆ ಹಿತ್ತಲಲ್ಲಿ ನಿಂತು ‘ಆಯ್ತು’ ಅಂದಿದ್ದ. ‘ತಡೀಬಾರದು’ ಅಂತ ಅವಳು ಕೇಳಿಕೊಂಡಿದ್ದಳು. ಅವಳನ್ನು ಒಬ್ಬ ಗಂಡಸು ಆಗಲೇ ಮಾತು ತಪ್ಪಿ ನೋಯಿಸಿದ್ದಾನೆ, ತಾನೂ ಅದೇ ಮಾಡಿದರೆ ತನಗೂ ಅವನಿಗೂ ಏನು ವ್ಯತ್ಯಾಸ? ಇದು ಅವನ ಲೆಕ್ಕ. ಲೆಕ್ಕ ತಪ್ಪು ಅಂತ ಹೇಳೋರು ಯಾರೂ ಇರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಕಾಂತರಾಜ್ ತಾನೇ ಮನೆಗೆ ಬಂದ. ಕೊಟ್ಟ ಕಾಫಿ ಮುಟ್ಟಲಿಲ್ಲ. “ನಾಗೇಶಪ್ಪ, ನಿಮಗೆ ನಮ್ಮ ಸಂಬಂಧ ಬೇಡ ಅಂದ್ರೆ ನೇರವಾಗಿ ಹೇಳ್ರಿ. ನಾವು ಬೇರೆ ಕಡೆ ನೋಡ್ಕೊಳ್ತೀವಿ. ಮಾಘದಲ್ಲಿ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ” ಅಂದು ಎದ್ದ. ಹೇಮಂತ ಅಣ್ಣನನ್ನು ಹುಡುಕಿಕೊಂಡು ತೋಟಕ್ಕೆ ಬಂದ. ನಾಗೇಶ ಕಾಯಿ ರಾಶಿಯ ಹತ್ತಿರ ಸುಮ್ಮನೆ ಕಾಯಿಗಳನ್ನು ಆ ಕಡೆಯಿಂದ ಈ ಕಡೆಗೆ ಎಸೀತಾ ಇದ್ದ.

“ಅಣ್ಣಾ, ನನ್ನ ಸಲುವಾಗಿ ನೀನು ಮದುವೆ ಆದೆ ಅಂತ ಊರೆಲ್ಲ ಹೇಳ್ತಾರೆ. ನಂಗೂ ಗೊತ್ತು. ಈಗ ನೀನೇ ಯಾಕೆ ಅಡ್ಡ ಹಾಕ್ತಾ ಇದೀಯ?” ಹೇಮಂತ ಅವನ ಕೈಯಲ್ಲಿದ್ದ ಕಾಯಿ ಕಿತ್ತುಕೊಂಡ. “ನಾನೇನು ತಪ್ಪು ಮಾಡಿದೀನಿ ಹೇಳು. ಕಾಲಿಗೆ ಬೀಳ್ತೀನಿ.”

ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ ಕಾಲಿಗೆ ಬೀಳ್ತೀನಿ ಅಂತಾನೆ. ಛೇ, ಎಂಥ ಮನುಷ್ಯ ಆಗಿಬಿಟ್ಟೆ ನಾನು ಅಂತ ನಾಗೇಶನಿಗೆ ಅನ್ನಿಸಿತು. ತಮ್ಮನ ಭುಜ ಹಿಡಿದು, “ಮಾಘದಲ್ಲೇ ಮಾಡಣ ಕಣೋ. ನಾಳೇನೇ ಹೋಗಿ ಹೇಳಿ ಬತ್ತೀನಿ” ಅಂದ. ಹೇಳಿ, ಪಂಪ್ ಶೆಡ್ಡಿನ ಹಿಂದೆ ಹೋಗಿ ಮುಖ ತೊಳೆದುಕೊಂಡ.

ಮದುವೆ ತರೀಕೆರೆಯ ಸಮುದಾಯ ಭವನದಲ್ಲಿ ಭರ್ಜರಿಯಾಗಿ ನಡೀತು. ಹಿರಿ ಸೊಸೆ ಅಂದರೆ ಹೀಗಿರಬೇಕು ಅಂತ ಬೀಗರೆಲ್ಲ ಬೆರಗಾಗೋ ಹಾಗೆ ಹೇಮಾವತಿ ಓಡಾಡಿದಳು. ಎಲೆ ಅಡಿಕೆ ತಟ್ಟೆ ಎಲ್ಲಿ, ಸೇಸೆ ಅಕ್ಕಿ ಎಲ್ಲಿ, ಬಾಸಿಂಗ ಎಲ್ಲಿ, ಎಲ್ಲದಕ್ಕೂ ‘ಹೇಮಕ್ಕಾ’. ನಾಗೇಶ ದೂರದಿಂದ ನೋಡಿದ. ನೋಡಬಾರದು ಅಂತ ಹೊರಗೆ ಹೋದ. ಪಾರ್ಕಿಂಗಿನಲ್ಲಿ ನಿಂತ ಗಾಡಿಗಳ ಸುತ್ತ ಒಂದು ಸುತ್ತು ಬಂದ. ಮತ್ತೆ ಒಳಗೆ ಬಂದು ನೋಡಿದ. ಧಾರೆಯ ಹೊತ್ತಿನಲ್ಲಿ ಅವಳು ಅವನ ಪಕ್ಕದಲ್ಲೇ ನಿಂತಿದ್ದಳು. ಈ ಸಲ ಬೆರಳು ಎತ್ತಿ ತೋರಿಸಲಿಲ್ಲ. ನಗಲೂ ಇಲ್ಲ.

ಮದುವೆಯ ಗಲಾಟೆ ಎಲ್ಲ ತಣ್ಣಗಾದ ಮೇಲೆ ಹೊಸ ಜೋಡಿಯನ್ನು ತರೀಕೆರೆಯವರು ಔತಣಕ್ಕೆ ಕರೆದರು. ಕರಿಯಮ್ಮನೂ ಜೊತೆಗೆ ಹೋದಳು. ಹಸುಗಳಿಗೆ ಯಾರಾದರೂ ಇರಬೇಕಲ್ಲ ಅಂತ ನಾಗೇಶ ಉಳಿದ. ಹೇಮಾವತಿ ಅತ್ತೆಗೆ, “ನಾನೂ ನಾಲ್ಕು ದಿನ ಶಿವನಿಗೆ ಹೋಗಿ ಬತ್ತೀನಿ ಅತ್ತೆ” ಅಂತ ಹೇಳಿದ್ದಳು. ನಾಲ್ಕು ದಿನ ಅಲ್ಲ ಅಂತ ಗೊತ್ತಿದ್ದದ್ದು ನಾಗೇಶನಿಗೆ ಮಾತ್ರ.

ಅವರು ಹೊರಟ ಮೇಲೆ ಅವಳು ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಸ್ನಾನ ಮಾಡಿದಳು. ಬಟ್ಟೆ ಮಡಿಸಿ ಬ್ಯಾಗಿಗೆ ಇಟ್ಟಳು. ನಾಗೇಶ ಕೊಟ್ಟಿಗೆಗೆ ಹೋದ, ಬಂದ. ತೋಟಕ್ಕೆ ಹೋದ, ಅರ್ಧ ದಾರಿಯಿಂದ ಬಂದ. ಮತ್ತೆ ಕೊಟ್ಟಿಗೆಗೆ ಹೋಗಿ, ಹಾಕಿದ ಹುಲ್ಲಿನ ಮೇಲೆ ಮತ್ತೆ ಹುಲ್ಲು ಹಾಕಿದ. ಹಸು ಕೂಡ ಅವನ ಮುಖ ನೋಡಿತು.

“ಬಸ್ಸಿಗೆ ಹೊತ್ತಾಯ್ತು,” ಅಂತ ಒಳಗಿಂದ ದನಿ ಬಂತು. “ಮಿಷನ್ ಆಮೇಲೆ ಯಾರಾದ್ರೂ ಆಟೋದವರ ಹತ್ರ ಕಳಿಸಿ.”

ನಾಗೇಶ ಪಡಸಾಲೆಗೆ ಓಡಿ ಬಂದ. ಏನಾದರೂ ಮಾಡಬೇಕು. ತಡೆಯೋ ಹಾಗಿಲ್ಲ, ಮಾತು ಕೊಟ್ಟಾಗಿದೆ. ಹೋಗು ಅನ್ನೋಕೆ ನಾಲಿಗೆ ಬರಲ್ಲ. ಅವನ ಅಕ್ಕ ಶಶಿ ಹಬ್ಬಕ್ಕೆ ಬಂದು ಹೊರಡುವಾಗ ಅವ್ವ ಏನು ಮಾಡ್ತಿದ್ದಳು ಅನ್ನೋದು ನೆನಪಾಯಿತು. ಮಡ್ಲಕ್ಕಿ. ಮನೆ ಹೆಣ್ಣುಮಗಳನ್ನು ಬರಿ ಮಡಿಲಲ್ಲಿ ಕಳಿಸಬಾರದು. ಇಷ್ಟು ದಿನ ಮನೆ ಬೆಳಗಿದವಳನ್ನು ಬರಿ ಕೈಲಿ ಹೇಗೆ ಕಳಿಸೋದು? ಇಷ್ಟಾದರೂ ಮರ್ಯಾದೆ ಮಾಡಬೇಕು. ಹೆಂಗಸರು ಮಾಡೋ ಕೆಲಸ, ಮನೆಯಲ್ಲಿ ಹೆಂಗಸರಿಲ್ಲ, ಇರಲಿ, ನಾನೇ ಮಾಡ್ತೀನಿ ಅಂದುಕೊಂಡ.

“ಒಂದು ಗಳಿಗೆ ನಿಲ್ಲು,” ಅಂತ ಅಡಿಗೆ ಮನೆಗೆ ನುಗ್ಗಿದ. ಮೊರ ತೆಗೆದ, ಅದರ ತುಂಬ ಅಕ್ಕಿ ಹಾಕಿದ. ಬೆಲ್ಲದ ಅಚ್ಚು, ಎಲೆ ಅಡಿಕೆ, ಅರಿಶಿನದ ಕೊಂಬು. ಅಟ್ಟದಿಂದ ಒಳ್ಳೇ ಕೊಬ್ಬರಿ ಗಿಟುಕು ಆರಿಸಿ ತಂದ. ಮದುವೆಗೆ ತಂದು ಮಿಕ್ಕಿದ್ದ ಒಂದು ರವಿಕೆ ಕಣ ಮೇಲಿಟ್ಟ. ಮೊರ ಹಿಡಿದುಕೊಂಡು ಪಡಸಾಲೆಗೆ ಬಂದು ಅವಳ ಎದುರು ನಿಂತ.

“ಸೆರಗು ಹಿಡಿ.”

ಹೇಮಾವತಿ ಏನು ಎತ್ತ ಅಂತ ತಿಳೀದೆ ಸೆರಗು ಒಡ್ಡಿದಳು. ನಾಗೇಶ ಬೊಗಸೆಯಲ್ಲಿ ಅಕ್ಕಿ ತುಂಬಿ ತುಂಬಿ ಹಾಕಿದ. ಬೊಗಸೆ ತುಳುಕಿ ಒಂದಷ್ಟು ನೆಲಕ್ಕೆ ಚೆಲ್ಲಿತು. ಬೆಲ್ಲ, ಕೊಬ್ಬರಿ, ಕಣ ಎಲ್ಲ ಇಟ್ಟ. ಅವ್ವ ಮಾಡ್ತಿದ್ದಂತೆಯೇ ಮಾಡಿದೆ ಅಂತ ಒಂದು ಕ್ಷಣ ಸಮಾಧಾನವೂ ಆಯಿತು. ತಲೆ ಎತ್ತಿ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

“ಏನಿದು?”

“ಮಡ್ಲಕ್ಕಿ. ಬರಿ ಮಡಿಲಲ್ಲಿ ಕಳಿಸಬಾರದು ಅಂತ…”

“ಮಡ್ಲಕ್ಕಿ ಯಾರಿಗೆ ಕಟ್ತಾರೆ?”

“ಮನೆ ಹೆಣ್ಣುಮಕ್ಕಳಿಗೆ.”

“ತವರಿಂದ ಅವರು ಎಲ್ಲಿಗೆ ಹೋಗುವಾಗ ಕಟ್ತಾರೆ?”

ನಾಗೇಶ ಬಾಯಿ ತೆಗೆದ. “ಗಂಡನ…” ಅಂದವನಿಗೆ ದನಿ ಅಲ್ಲೇ ಬಿದ್ದುಹೋಯಿತು.

“ಹೂಂ, ಹೇಳಿ. ಪೂರ್ತಿ ಹೇಳಿ. ಮಡಿಲು ತುಂಬಿ ನನ್ನನ್ನ ಯಾವ ಗಂಡನ ಮನೆಗೆ ಕಳಿಸ್ತಾ ಇದೀರಿ ನೀವು?”

ಅವಳಿಗೆ ಸಿಟ್ಟು ಅಂದರೆ ಸಿಟ್ಟು. ಅಷ್ಟು ದಿನ ಅದುಮಿಟ್ಟಿದ್ದು ಒಂದೇ ಸಲ ಉಕ್ಕಿ ಬಂತು.

“ಬೇಗ ಮುಗೀಲಿ, ಬೇಗ ಮುಗೀಲಿ ಅಂತ ನಾನು ಯಾಕೆ ಒದ್ದಾಡಿದೆ ಗೊತ್ತಾ? ಈ ಮನೆ ಬಿ​ಟ್ಟು ಓಡೋಕೆ ಅಂದ್ಕೊಂಡ್ರಾ? ಆಡಿದ ಮಾತು ಮುಗೀಲಿ, ಮುಗಿದ ಮೇಲಾದ್ರೂ ಈ ಮನುಷ್ಯ ಇನ್ನೊಂದು ಮಾತು ಆಡ್ತಾನಾ ನೋಡಣ ಅಂತ ಕಣ್ರೀ! ಮಳಿಗೆ ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡಿದೆ. ಧಾರೆ ಹೊತ್ತಲ್ಲಿ ನೋಡಿದೆ. ಈಗ ಬ್ಯಾಗ್ ಹಿಡ್ಕೊಂಡು ನಿಂತು ನೋಡಿದೆ. ನೀವು ಮೊರ ಹಿಡ್ಕೊಂಡು ಬಂದ್ರಿ. ತಂಗೀನ ಕಳಿಸೋ ಹಂಗೆ ಮಡಿಲು ತುಂಬಿದ್ರಿ!” ಮಾತು ಮುಗಿಯುವಷ್ಟರಲ್ಲಿ ಕಣ್ಣೀರು ಧಾರಾಕಾರ. ಒರೆಸಿಕೊಳ್ಳೋಣ ಅಂದರೆ ಸೆರಗಿನ ತುಂಬ ಅಕ್ಕಿ.

ನಾಗೇಶ ಮೊರವನ್ನು ಎದೆಗೆ ಅವುಚಿಕೊಂಡು ಕಂಬದ ಹಾಗೆ ನಿಂತ. ಆಮೇಲೆ ಮಾತು ಹೇಗೆ ಬಂತೋ ಬಂತು. “ನೀನು ಹೋಗ್ಬೇಡ ಹೇಮಾ. ತಡೀಬಾರದು ಅಂದಿದ್ದೆ ನೀನು, ನಾನು ಆಯ್ತು ಅಂದಿದ್ದೆ. ಮಾತು ತಪ್ಪಿದ್ರೆ ನಿನ್ನ ಕಣ್ಣಲ್ಲಿ ನಾನೂ ಅವನಂಗೇ ಆಗ್ತೀನಿ ಅಂತ ಹೆದರಿಬಿಟ್ಟೆ. ಅದಕ್ಕೇ ಹೇಮಂತನ ಹೊಟ್ಟೆ ಉರಿಸ್ದೆ, ಅವ್ವನ ಹತ್ರ ಬೈಸ್ಕೊಂಡೆ. ನಿನಗೆ ಮಾತ್ರ ಹೇಳ್ಲಿಲ್ಲ. ಈಗ ಹೇಳ್ತೀನಿ, ಮಾತು ತಪ್ಪಿದೆ ಅಂತ ಬೇಕಾದ್ರೆ ಬೈ. ನೀನು ಹೋದ್ರೆ ನಂಗೆ ಈ ಮನೇಲಿ ಇರೋಕಾಗಲ್ಲ. ಹೋಗ್ಬೇಡ ಕಣೇ.”

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಊರ ಬಾಗಿಲಲ್ಲಿ ನಿಂತು, ಯಾರೂ ಹತ್ತದೇ ಇದ್ದದ್ದು ನೋಡಿ, ಮುಂದಕ್ಕೆ ಹೋಯಿತು. ಇಬ್ಬರೂ ಆ ಸದ್ದು ಕರಗುವ ತನಕ ಕೇಳಿಸಿಕೊಂಡರು.

ಮಡಿಲು ತುಂಬಿಸಿಕೊಂಡ ಹೆಣ್ಣು, ತವರು ಬರಿದಾಗದಿರಲಿ ಅಂತ, ಒಂದೊಂದು ಹಿಡಿ ಅಕ್ಕಿ ಮೊರಕ್ಕೆ ತಿರುಗಿ ಹಾಕಿ ಹೊರಡೋದು ಪದ್ಧತಿ. ಹೇಮಾವತಿ ಹಿಡಿ ಗಿಡಿ ನೋಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, ಸೆರಗು ಬಿಚ್ಚಿ, ಅಷ್ಟೂ ಅಕ್ಕಿಯನ್ನು ಅವನ ಕೈಯಲ್ಲಿದ್ದ ಮೊರಕ್ಕೆ ಸುರಿದಳು. ಬೆಲ್ಲ, ಕೊಬ್ಬರಿ, ಕಣ, ಎಲ್ಲವೂ ಅದರೊಳಕ್ಕೆ ಬಿದ್ದವು. ಆಮೇಲೆ ಬರಿದಾದ ಸೆರಗಿನಲ್ಲಿ ಕಣ್ಣು ಮೂಗು ಗಟ್ಟಿಯಾಗಿ ಒರೆಸಿಕೊಂಡಳು.

“ಇದು ನನ್ನ ತವರಲ್ಲ. ಇಲ್ಲಿ ಯಾರೂ ನಂಗೆ ಮಡ್ಲಕ್ಕಿ ಕಟ್ಟೋದು ಬೇಡ,” ಅಂದಳು. “ಕೆಳಗೆ ಚೆಲ್ಲಿರೋದನ್ನ ಆಯ್ದು ಹಾಕಿ. ಅನ್ನಕ್ಕೆ ಇಡ್ತೀನಿ.”